ರಾತ್ರಿ ಎರಡಕ್ಕೆ ಯಾರ ಫೋನ್ ರಿಂಗ್ ಆಗಬೇಕು? ಆನ್-ಕಾಲ್ ಅಲರ್ಟ್ ಸಿಸ್ಟಮ್ ಆರಿಸುವ ಬಗೆ

ವೆಬ್‌ಸೈಟೋ ಆ್ಯಪೋ ಕೆಟ್ಟಾಗ ಆ ಹೊತ್ತಿಗೆ ಆನ್-ಕಾಲ್ ಪಾಳಿಯಲ್ಲಿರುವ ಎಂಜಿನಿಯರ್‌ಗೆ ಫೋನ್ ಮಾಡಿ ಎಬ್ಬಿಸುವ ಟೂಲ್ ಆಪ್ಸ್‌ಜೀನಿ. ಅದನ್ನು ಬಳಸುವ ಟೀಮ್‌ಗಳ ತಲೆ ಮೇಲೆ ಈಗ ಒಂದು ಗಡುವು ಕೂತಿದೆ. 2027ರ ಏಪ್ರಿಲ್ 5ಕ್ಕೆ ಅದರ ಒಡೆಯ ಕಂಪನಿ ಅಟ್ಲಾಸಿಯನ್ ಅದನ್ನು ಪೂರ್ತಿ ಮುಚ್ಚುತ್ತದೆ. ಹೊಸಬರಿಗೆ ಮಾರುವುದನ್ನು 2025ರ ಜೂನ್‌ನಲ್ಲೇ ನಿಲ್ಲಿಸಿಯಾಗಿದೆ. ಇನ್ನೊಂದು ಕಡೆ ಇದೇ ಕೆಲಸ ಮಾಡುವ ಗ್ರಾಫಾನಾ ಆನ್‌ಕಾಲ್‌ನ ಓಪನ್ ಸೋರ್ಸ್ ಆವೃತ್ತಿಯನ್ನು ಕಂಪನಿ 2025ರ ಮಾರ್ಚ್‌ನಲ್ಲಿ ಮೇಂಟೆನೆನ್ಸ್ ಮೋಡ್‌ಗೆ (ಹೊಸದೇನೂ ಸೇರದ, ಬರೀ ರಿಪೇರಿಯ ಸ್ಥಿತಿಗೆ) ಹಾಕಿ, ಆರ್ಕೈವ್ ಮಾಡಲು, ಅಂದರೆ ಪೂರ್ತಿ ಕೈಬಿಡಲು, 2026ರ ಮಾರ್ಚ್ 24 ಅಂತ ದಿನ ಗೊತ್ತು ಮಾಡಿತು. ಹಾಗಾಗಿ ಸುಮಾರು ಟೀಮ್‌ಗಳು ಈಗ ಎಕ್ಸೆಲ್ ಶೀಟ್ ತೆರೆದು ಟೂಲ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಿವೆ.

ಆ ಶೀಟ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ಎಲ್ಲ ಟೂಲ್‌ಗಳ ಮುಂದೆಯೂ ಹಸಿರು ಟಿಕ್ ಬೀಳುತ್ತದೆ. ಆಫೀಸ್ ಚಾಟ್ ಸ್ಲ್ಯಾಕ್ ಜೊತೆ ಜೋಡಣೆ ಇದೆ, ಮೊಬೈಲ್ ಆ್ಯಪ್ ಇದೆ, ಎಸ್ಕಲೇಶನ್ (ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಗುವುದು) ಇದೆ, ಈಗಂತೂ ಎಲ್ಲದರಲ್ಲೂ ಎಐ ಇದೆ. ಆದರೆ ಕೆಲಸದ ಪ್ರಶ್ನೆಗಳು ಮೂರೇ. ಫೋನ್ ನಿಜಕ್ಕೂ ರಿಂಗ್ ಆಗುತ್ತಾ? ಸರಿಯಾದವರ ಫೋನೇ ಆಗುತ್ತಾ? ಅಷ್ಟು ಹೊತ್ತಲ್ಲಿ ಅವರನ್ನು ಎಬ್ಬಿಸಬೇಕಿತ್ತಾ? ಕೊನೆಯ ಪ್ರಶ್ನೆಗೆ ಯಾವ ಕಂಪನಿಯೂ ಉತ್ತರ ಮಾರುವುದಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

1. ಡೆಮೊ ನೋಡುವ ಮೊದಲು ಅಲರ್ಟ್ ಪಟ್ಟಿ ತೆಗೆಯಿರಿ

ಕಳೆದ ಒಂದು ತಿಂಗಳಲ್ಲಿ ಬಂದ ಅಷ್ಟೂ ಅಲರ್ಟ್‌ಗಳನ್ನು ಒಂದು ಶೀಟ್‌ಗೆ ಇಳಿಸಿಕೊಳ್ಳಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿ: ಇದು ಬಂದಾಗ ಯಾರಾದರೂ ಏನಾದರೂ ಮಾಡಿದರಾ? "ಲ್ಯಾಪ್‌ಟಾಪ್ ತೆಗೆದು ನೋಡಿದೆ, ಅಷ್ಟರಲ್ಲಿ ತಾನೇ ಸರಿಹೋಗಿತ್ತು" ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಮೂರು ಗುಂಪು ಮಾಡಿ. ತಕ್ಷಣ ಎಬ್ಬಿಸಬೇಕಾದ್ದು, ಬೆಳಿಗ್ಗೆ ನೋಡಿದರೆ ಸಾಕಾದ್ದು, ಅಳಿಸಿ ಹಾಕಬೇಕಾದ್ದು. ಹೆಚ್ಚಿನ ಕಡೆ ಮೂರನೇ ಗುಂಪೇ ದೊಡ್ಡದಿರುತ್ತದೆ.

ಡಿಸ್ಕ್ ಅಲರ್ಟ್ ತೆಗೆದುಕೊಳ್ಳಿ. "ಡಿಸ್ಕ್ ಶೇ. 80 ತುಂಬಿದೆ" ಎಂದು ರಾತ್ರಿ ಮೂರಕ್ಕೆ ಫೋನ್ ಬಂದರೆ ಪಾಪ ಆ ಮನುಷ್ಯ ಏನು ಮಾಡಬೇಕು? ಅದು ಆರು ತಿಂಗಳಿಂದ ಶೇ. 79ರಲ್ಲೇ ಇದ್ದಿರಬಹುದು. ಸರ್ವರ್‌ಗಳ ಅಂಕಿ ಕಾಯುವ ಟೂಲ್ ಪ್ರಾಮಿತಿಯಸ್‌ನಲ್ಲಿ ಪ್ರೆಡಿಕ್ಟ್ ಲೀನಿಯರ್ ಎಂಬ ಫಂಕ್ಷನ್ ಇದೆ. ಇದೇ ವೇಗದಲ್ಲಿ ತುಂಬುತ್ತಾ ಹೋದರೆ ಇನ್ನಷ್ಟು ಹೊತ್ತಿನ ಮೇಲೆ ಎಷ್ಟು ಜಾಗ ಉಳಿದಿರುತ್ತದೆ ಎಂದು ಅದು ಅಂದಾಜು ಹೇಳುತ್ತದೆ. ನಾಲ್ಕು ಗಂಟೆಯೊಳಗೆ ಖಾಲಿಯಾಗುವುದಾದರೆ ಎಬ್ಬಿಸಿ. ನಾಲ್ಕು ದಿನ ಇದ್ದರೆ ಒಂದು ಟಿಕೆಟ್ ಹಾಕಿ ಬಿಡಿ. ಸಿಪಿಯು ಕತೆಯೂ ಹೀಗೇ. ಸಿಪಿಯು ಶೇ. 90 ಮುಟ್ಟಿದರೆ ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ, ಪೇಮೆಂಟ್ ಫೇಲ್ ಆದರೆ ಗೊತ್ತಾಗುತ್ತದೆ. ಎಬ್ಬಿಸುವುದಾದರೆ ಎರಡನೆಯದಕ್ಕೆ ಎಬ್ಬಿಸಿ.

ಎಷ್ಟು ಅಲರ್ಟ್ ಬಂದರೆ ಜಾಸ್ತಿ? 2016ರಲ್ಲಿ ಗೂಗಲ್‌ನವರು ತಮ್ಮ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್) ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. 12 ಗಂಟೆಯ ಪಾಳಿಯಲ್ಲಿ ಹೆಚ್ಚೆಂದರೆ ಎರಡು ಇನ್ಸಿಡೆಂಟ್ (ಸೇವೆ ಕೆಡುವ ಘಟನೆ). ಒಂದು ಇನ್ಸಿಡೆಂಟ್‌ನ ಮೂಲ ಹುಡುಕಿ, ಸರಿಮಾಡಿ, ಪೋಸ್ಟ್‌ಮಾರ್ಟಮ್ (ಏನಾಯಿತು, ಯಾಕಾಯಿತು ಎಂಬ ವರದಿ) ಬರೆದು ಮುಗಿಸಲು ಸರಾಸರಿ ಆರು ಗಂಟೆ ಬೇಕು ಎಂಬುದು ಅವರ ಕಾರಣ. ನಮ್ಮಲ್ಲಿ ಒಂದೇ ರಾತ್ರಿಗೆ ಇಪ್ಪತ್ತು ಪೇಜ್ (ಎಬ್ಬಿಸುವ ಅಲರ್ಟ್) ಬರುವ ಟೀಮ್‌ಗಳಿವೆ. ಅಲ್ಲಿ ಯಾರೂ ಇಪ್ಪತ್ತನ್ನೂ ನೋಡುವುದಿಲ್ಲ, ನಿದ್ದೆಗಣ್ಣಲ್ಲಿ ಆ್ಯಕ್ ("ನೋಡಿದೆ" ಎಂಬ ಬಟನ್) ಒತ್ತಿ ಮಗ್ಗುಲು ಬದಲಿಸುತ್ತಾರೆ. ಈ ಸ್ಥಿತಿಯಲ್ಲಿ ಹೊಸ ಟೂಲ್ ಕೊಂಡರೆ ಹಳೇ ಗಲಾಟೆಗೆ ಹೊಸ ಸ್ಪೀಕರ್ ಕಟ್ಟಿದ ಹಾಗೆ.

2. ಎಷ್ಟು ಜನ, ಯಾವ ಊರು, ಯಾವ ಟೈಮ್ ಝೋನ್

ಒಂದೇ ಊರಿನ ಟೀಮ್ 24 ಗಂಟೆ ಆನ್-ಕಾಲ್ ನಡೆಸಬೇಕಾದರೆ, ಪ್ರೈಮರಿ (ಮೊದಲು ಕರೆ ಹೋಗುವವರು) ಮತ್ತು ಸೆಕೆಂಡರಿ (ಅವರು ಎತ್ತದಿದ್ದರೆ ಕರೆ ಹೋಗುವವರು) ಸೇರಿ ಕನಿಷ್ಠ ಎಂಟು ಜನ ಬೇಕು ಎನ್ನುತ್ತದೆ ಅದೇ ಗೂಗಲ್ ಲೆಕ್ಕ. ಎರಡು ಊರಲ್ಲಿ ಹಂಚಿಕೊಂಡರೆ ಒಂದೊಂದು ಕಡೆ ಆರು. ಸಣ್ಣ ಸ್ಟಾರ್ಟಪ್‌ನಲ್ಲಿ ಎಂಟು ಜನ ಎಲ್ಲಿಂದ ಬರಬೇಕು? ನಾಲ್ಕೇ ಜನ ಇದ್ದರೆ, ನಿಜಕ್ಕೂ ರಾತ್ರಿ ಕಾಯಬೇಕಾದ ಸರ್ವಿಸ್‌ಗಳು ಯಾವುವು ಎಂದು ಮೊದಲು ಕುಗ್ಗಿಸಿ. ಒಳಗಿನ ರಿಪೋರ್ಟ್ ಡ್ಯಾಶ್‌ಬೋರ್ಡ್ ರಾತ್ರಿ ಬಿದ್ದರೆ ಬೀಳಲಿ ಬಿಡಿ.

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾ ಎರಡೂ ಕಡೆ ಜನರಿದ್ದರೆ ಅದೃಷ್ಟ. ಬೇಸಿಗೆಯಲ್ಲಿ ನಡುವಿನ ಅಂತರ ಹನ್ನೆರಡೂವರೆ ಗಂಟೆ. ಹಗಲು ನಮಗೆ, ರಾತ್ರಿ ಅವರಿಗೆ. ಇಲ್ಲೊಂದು ಗುಂಡಿ ಇದೆ. ಬೆಂಗಳೂರಿನ ಪಾಳಿ ಭಾರತದ ಸಮಯದಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 9.30, ಅವರ ಪಾಳಿ ಅಲ್ಲಿನ ಸಮಯದಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9 ಎಂದು ಹಾಕಿದ್ದೀರಿ ಅಂದುಕೊಳ್ಳಿ. ಬೇಸಿಗೆಯಲ್ಲಿ ಎರಡೂ ಸರಿಯಾಗಿ ಕೂಡುತ್ತವೆ. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಗ ಅವರ ಬೆಳಿಗ್ಗೆ 9 ಎಂದರೆ ನಮ್ಮ ರಾತ್ರಿ 10.30. ಅಂದರೆ ದಿನಾ ರಾತ್ರಿ 9.30ರಿಂದ 10.30ರವರೆಗೆ ಆನ್-ಕಾಲ್‌ನಲ್ಲಿ ಯಾರೂ ಇರುವುದಿಲ್ಲ. ನಮ್ಮಲ್ಲಿ ಜನ ಮೊಬೈಲ್ ಹಿಡಿದು ಕೂರುವ ಹೊತ್ತೇ ಅದು.

ಟ್ರಯಲ್‌ನಲ್ಲಿ ಇದನ್ನು ಬೇಕಂತಲೇ ಮಾಡಿ ನೋಡಿ. ಶೆಡ್ಯೂಲ್ ತೆರೆದು ನವೆಂಬರ್‌ನ ಎರಡನೇ ವಾರಕ್ಕೆ ಹೋಗಿ. ಖಾಲಿ ಇರುವ ಒಂದು ಗಂಟೆಯನ್ನು ಟೂಲ್ ಎದ್ದು ಕಾಣುವ ಹಾಗೆ ತೋರಿಸುತ್ತಾ, ಯಾರೂ ಇಲ್ಲ ಎಂದು ಎಚ್ಚರಿಸುತ್ತಾ? ಸುಮ್ನೆ ಬಿಳಿ ಜಾಗ ಬಿಟ್ಟಿದ್ದರೆ ಆ ಟೂಲ್‌ಗೆ ಒಂದು ಮಾರ್ಕ್ ಕಡಿಮೆ.

ಪಾಳಿ ಬದಲಾಯಿಸುವುದನ್ನೂ ಮೊಬೈಲ್‌ನಲ್ಲೇ ಮಾಡಿ ನೋಡಿ. ದೀಪಾವಳಿಗೆ ಹುಬ್ಬಳ್ಳಿ ಬಸ್ ಹತ್ತಿದ ಮೇಲೆ "ಇವತ್ತು ನಂದೇ ಪಾಳಿ ಅಲ್ವಾ" ಎಂದು ನೆನಪಾಗುತ್ತದೆ. ಆಗ ಬರುತ್ತಾ ಹೋಗುತ್ತಾ ಇರುವ ನೆಟ್‌ವರ್ಕ್‌ನಲ್ಲೇ ಇನ್ನೊಬ್ಬರ ಹೆಸರು ಹಾಕಲು ಆಗಬೇಕು. ಅದಕ್ಕೆ ಲ್ಯಾಪ್‌ಟಾಪೂ ಅಡ್ಮಿನ್ ಪರ್ಮಿಶನ್ನೂ ಬೇಕು ಎಂದರೆ, ಹಬ್ಬದ ರಾತ್ರಿಯ ಶೆಡ್ಯೂಲ್ ಪರದೆ ಮೇಲೆ ಮಾತ್ರ ಸರಿ ಇರುತ್ತದೆ.

3. ಭಾರತದ ಫೋನ್‌ನಲ್ಲಿ ಟೆಸ್ಟ್ ಮಾಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಸಿಸ್ಟಮ್ ಕೈಕೊಡುವುದೂ ಹೆಚ್ಚಾಗಿ ಇಲ್ಲೇ.

ಮೊದಲು ಎಸ್‌ಎಂಎಸ್. ನಮ್ಮಲ್ಲಿ ಕಂಪನಿಗಳು ಲೋಕಲ್ ದಾರಿಯಲ್ಲಿ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಕಂಪನಿ, ಹೆಡರ್ (ಕಳಿಸುವವರ ಹೆಸರು), ಮೆಸೇಜ್‌ನ ಟೆಂಪ್ಲೇಟ್ (ಪಠ್ಯದ ಅಚ್ಚು) ಮೂರನ್ನೂ ನೋಂದಾಯಿಸಿರಬೇಕು. 2024ರ ಅಕ್ಟೋಬರ್‌ನಿಂದ ಮೆಸೇಜ್ ಒಳಗಿನ ಲಿಂಕ್ ಕೂಡ ಮೊದಲೇ ಒಪ್ಪಿಗೆ ಪಡೆದಿರಬೇಕು, ಇಲ್ಲದಿದ್ದರೆ ತಡೆಯುತ್ತಾರೆ. ಅಲರ್ಟ್ ಮೆಸೇಜ್‌ನ ಪಠ್ಯ ಪ್ರತಿ ಸಲ ಬೇರೆ, ಒಳಗೊಂದು ಲಿಂಕ್ ಬೇರೆ. ಟೆಂಪ್ಲೇಟ್‌ಗೆ ಹೊಂದುವುದೇ ಕಷ್ಟ. ಡಿಎಲ್‌ಟಿ ಮಾಡಿಸದ ವಿದೇಶಿ ಸೇವೆಯ ಎಸ್‌ಎಂಎಸ್ ಅಂತರರಾಷ್ಟ್ರೀಯ ದಾರಿಯಲ್ಲಿ ಬರಬೇಕು. ಅದಕ್ಕೆ ಖರ್ಚು ಜಾಸ್ತಿ, ಬಂದರೂ ಯಾವುದೋ ನಂಬರ್‌ನಿಂದ ಬರುತ್ತದೆ. ಸೇಲ್ಸ್‌ನವರನ್ನು ನೇರವಾಗಿ ಕೇಳಿ: "ಭಾರತಕ್ಕೆ ನಿಮ್ಮ ಎಸ್‌ಎಂಎಸ್ ಯಾವ ದಾರಿಯಲ್ಲಿ ಬರುತ್ತೆ? ಡಿಎಲ್‌ಟಿ ಯಾರ ಹೆಸರಲ್ಲಿದೆ?" ಉತ್ತರಕ್ಕೆ ತಡಕಾಡಿದರೆ ಅರ್ಥ ಮಾಡಿಕೊಳ್ಳಿ. ನನ್ನ ಮಟ್ಟಿಗೆ ಇಲ್ಲಿ ಎಸ್‌ಎಂಎಸ್ ಅನ್ನು ಎಬ್ಬಿಸಲು ನಂಬಲೇಬಾರದು. ದಾಖಲೆಗೆ ಇರಲಿ ಅಷ್ಟೇ.

ಕರೆಯ ಕತೆ ಬೇರೆ. ಕರೆ ಹೆಚ್ಚಾಗಿ ಹೊರದೇಶದ ನಂಬರ್‌ನಿಂದ ಬರುತ್ತದೆ. ಏರ್‌ಟೆಲ್ 2024ರ ಸೆಪ್ಟೆಂಬರ್‌ನಿಂದ ಅನುಮಾನದ ಕರೆಗಳಿಗೆ ಸ್ಪ್ಯಾಮ್ ಎಂದು ಪಟ್ಟಿ ಹಚ್ಚುತ್ತಿದೆ. ಟ್ರೂಕಾಲರ್ ಹಾಕಿಕೊಂಡವರ ಫೋನ್‌ನಲ್ಲಿ ಅದರದ್ದೂ ಒಂದು ತೀರ್ಪು ಇರುತ್ತದೆ. ಅರೆನಿದ್ದೆಯಲ್ಲಿ "ಸ್ಪ್ಯಾಮ್" ಎಂದು ಕಂಡರೆ ಯಾರು ಎತ್ತುತ್ತಾರೆ? ಅದಕ್ಕೆ ಟೂಲ್ ಕರೆ ಮಾಡುವ ಅಷ್ಟೂ ನಂಬರ್‌ಗಳನ್ನು ಒಂದೇ ಕಾಂಟ್ಯಾಕ್ಟ್ ಆಗಿ ಪ್ರತಿಯೊಬ್ಬರ ಫೋನ್‌ನಲ್ಲಿ ಸೇವ್ ಮಾಡಿಸಿ, ಆ ಕಾಂಟ್ಯಾಕ್ಟ್‌ಗೆ ಡು ನಾಟ್ ಡಿಸ್ಟರ್ಬ್ ದಾಟಲು ಅನುಮತಿ ಕೊಡಿಸಿ. ಒಳ್ಳೆಯ ಟೂಲ್‌ಗಳು ಈ ಕಾಂಟ್ಯಾಕ್ಟ್ ಫೈಲ್ ಅನ್ನು ತಾವೇ ಕೊಡುತ್ತವೆ, ನಂಬರ್ ಬದಲಾದರೆ ಅದನ್ನೂ ನವೀಕರಿಸುತ್ತವೆ.

ಐಫೋನ್‌ನಲ್ಲಿ ಮೂರು ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಡು ನಾಟ್ ಡಿಸ್ಟರ್ಬ್ ಇದ್ದರೂ ರಿಂಗ್ ಆಗುವ ಸೆಟ್ಟಿಂಗ್ ಇದೆ. ಅದನ್ನೇ ನಂಬಿ ಕೂತವರಿದ್ದಾರೆ. ಅದು ಕೆಲಸ ಮಾಡಬೇಕಾದರೆ ಎರಡೂ ಕರೆ ಒಂದೇ ನಂಬರ್‌ನಿಂದ ಬರಬೇಕು. ಟೂಲ್ ಸಲಕ್ಕೊಂದು ನಂಬರ್‌ನಿಂದ ಕರೆ ಮಾಡಿದರೆ ಆ ಸೆಟ್ಟಿಂಗ್ ಇದ್ದೂ ಇಲ್ಲದ ಹಾಗೆ.

ಇನ್ನು ಆ್ಯಪ್ ನೋಟಿಫಿಕೇಶನ್. ಐಫೋನ್‌ನಲ್ಲಿ ಕ್ರಿಟಿಕಲ್ ಅಲರ್ಟ್ ಎಂಬ ಸೌಲಭ್ಯ 2018ರ ಐಓಎಸ್ 12ರಿಂದ ಇದೆ. ಸೈಲೆಂಟ್‌ನಲ್ಲಿದ್ದರೂ ಶಬ್ದ ಮಾಡುತ್ತದೆ. ಆದರೆ ಆ್ಯಪ್ ಮಾಡಿದವರು ಆಪಲ್‌ನಿಂದ ವಿಶೇಷ ಅನುಮತಿ ಪಡೆದಿರಬೇಕು, ಬಳಸುವವರೂ "ಅಲೋ" ಒತ್ತಿರಬೇಕು. ಆಂಡ್ರಾಯ್ಡ್‌ನಲ್ಲಿ ಶತ್ರು ಬ್ಯಾಟರಿ ಉಳಿತಾಯ. ಶಿಯೋಮಿ, ವಿವೋ, ಒಪ್ಪೋ ಫೋನ್‌ಗಳು ಬಳಸದ ಆ್ಯಪ್‌ಗಳನ್ನು ಹಿಂದಿನಿಂದ ಸದ್ದಿಲ್ಲದೆ ಮುಚ್ಚುತ್ತವೆ. ಆನ್-ಕಾಲ್ ಆ್ಯಪ್ ಅಂದರೆ ವಾರಗಟ್ಟಲೆ ಯಾರೂ ತೆರೆಯದ ಆ್ಯಪ್. ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ನಿರ್ಬಂಧ ತೆಗೆಯಿರಿ.

ಟೆಸ್ಟ್ ಆಫೀಸಿನಲ್ಲಿ ಮಧ್ಯಾಹ್ನ ಮಾಡಿದರೆ ಉಪಯೋಗವಿಲ್ಲ. ಟೀಮ್‌ನ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ತಾವು ಮಲಗುವ ಕೋಣೆಯಲ್ಲಿ, ರಾತ್ರಿಯ ಸೆಟ್ಟಿಂಗ್ ಹಾಕಿದ ಮೇಲೆ ಟೆಸ್ಟ್ ಆಗಬೇಕು. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಎಲ್ಲ ಸಿಮ್‌ಗಳೂ ಸೇರಲಿ. ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಕೆಲಸ ಮಾಡುವವರೊಬ್ಬರು ಇದ್ದರೆ, ಅವರಿಗೆ ಕರೆ ಬರುವುದು ಮನೆಯ ವೈಫೈ ಮೇಲೆ. ಕರೆಂಟ್ ಹೋದರೆ ವೈಫೈ ಹೋಯಿತು, ಅದರ ಜೊತೆ ಕರೆಯೂ. ಅಂಥವರಿಗೆ ರೌಟರ್‌ಗೊಂದು ಸಣ್ಣ ಯುಪಿಎಸ್ ಕೊಡಿಸುವುದು ಟೂಲ್‌ನ ದುಬಾರಿ ಪ್ಲಾನ್‌ಗಿಂತ ಒಳ್ಳೆಯ ಖರ್ಚು. ಪ್ರೈಮರಿ ಮತ್ತು ಸೆಕೆಂಡರಿ ಬೇರೆ ಬೇರೆ ಕಂಪನಿಯ ಸಿಮ್‌ನಲ್ಲಿರಲಿ. 2022ರ ಜುಲೈ 8ರಂದು ಕೆನಡಾದಲ್ಲಿ ರಾಜರ್ಸ್ ನೆಟ್‌ವರ್ಕ್ ದೇಶದುದ್ದಕ್ಕೂ ಬಿದ್ದಿತ್ತು. ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ.

4. ತೊಂದರೆ ಶುರುವಾಗಿ ಎಷ್ಟು ಹೊತ್ತಿಗೆ ರಿಂಗ್? ಕೂಡಿ ನೋಡಿ

ಪ್ರಾಮಿತಿಯಸ್ ತನ್ನ ಡೀಫಾಲ್ಟ್‌ನಲ್ಲಿ ನಿಮಿಷಕ್ಕೊಮ್ಮೆ ಅಂಕಿ ತರುತ್ತದೆ, ನಿಮಿಷಕ್ಕೊಮ್ಮೆ ನಿಯಮ ಪರೀಕ್ಷಿಸುತ್ತದೆ. "ಐದು ನಿಮಿಷ ಹೀಗೇ ಇದ್ದರೆ ಮಾತ್ರ" ಎಂದು ನೀವು ಹಾಕಿರುತ್ತೀರಿ. ಪ್ರಾಮಿತಿಯಸ್ ಜೊತೆಗೆ ಓಡುವ ಅಲರ್ಟ್‌ಮ್ಯಾನೇಜರ್ ಒಂದೇ ಥರದ ಅಲರ್ಟ್‌ಗಳನ್ನು ಗುಂಪು ಮಾಡಲು 30 ಸೆಕೆಂಡ್ ಕಾಯುತ್ತದೆ. ಕೂಡಿದರೆ ಏಳೂವರೆ ನಿಮಿಷದವರೆಗೂ ಆಗಬಹುದು. ಪ್ರೈಮರಿ ಎತ್ತದೆ ಐದು ನಿಮಿಷಕ್ಕೆ ಸೆಕೆಂಡರಿಗೆ ಹೋದರೆ ಹನ್ನೆರಡೂವರೆ. ತಿಂಗಳಲ್ಲಿ ಶೇ. 99.9 ಹೊತ್ತು ಸೇವೆ ನಡೆಯುತ್ತದೆ ಎಂದು ಗ್ರಾಹಕರಿಗೆ ಮಾತು ಕೊಟ್ಟಿದ್ದರೆ, ಅದು ಬಿದ್ದಿರಲು ನಿಮ್ಮ ಕೈಯಲ್ಲಿರುವುದು ಒಟ್ಟು 43 ನಿಮಿಷ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಯಾರೂ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಖರ್ಚಾಯಿತು.

ಇದರಲ್ಲಿ ಪೇಜಿಂಗ್ ಟೂಲ್‌ನ ಪಾಲು ಎಷ್ಟು ಕಡಿಮೆ ನೋಡಿ. "ನಮ್ಮದು ಸೆಕೆಂಡ್‌ಗಳಲ್ಲಿ ತಲುಪುತ್ತದೆ" ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕೈ ಹಾಕಬೇಕಾದ್ದು ನಿಮ್ಮ ನಿಯಮಗಳಿಗೆ.

ಎಸ್ಕಲೇಶನ್ ಹಂತಗಳಲ್ಲಿ ಇಮೇಲ್ ಇಡಬೇಡಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ಅಳಿಸಿಹೋದಾಗ ಬ್ಯಾಕಪ್ ಹುಡುಕಿದರೆ ಸಿಗಲಿಲ್ಲ. ಬ್ಯಾಕಪ್ ಫೇಲ್ ಆಗುತ್ತಲೇ ಇತ್ತು. ಫೇಲ್ ಆಯಿತು ಎಂದು ಇಮೇಲ್ ಹೋಗುತ್ತಲೂ ಇತ್ತು. ಆ ಇಮೇಲ್‌ಗಳು ಇಮೇಲ್ ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ತಿರಸ್ಕಾರವಾಗಿ ಯಾರ ಕೈಗೂ ಸಿಕ್ಕಿರಲಿಲ್ಲ. ಅವರೇ ಬಹಿರಂಗವಾಗಿ ಬರೆದುಕೊಂಡ ವಿಷಯ ಇದು. ಆನ್-ಕಾಲ್ ಕೆಲಸಕ್ಕೆ ಸೇರುವ ಯಾರೇ ಆಗಲಿ ಓದಬೇಕಾದ ವರದಿ.

ಸದ್ದೇ ಇಲ್ಲದಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ, ಕೂಗುವವನೇ ಸತ್ತಿರಬಹುದು. ಅದಕ್ಕೆ ಸದಾ ಬರುತ್ತಲೇ ಇರುವ ಒಂದು ವಾಚ್‌ಡಾಗ್ (ಕಾವಲು) ಅಲರ್ಟ್ ಇಡಿ. ಅದು ಬರುವುದು ನಿಂತರೆ ಹೊರಗಿನ ಸೇವೆಯೊಂದು ನಿಮಗೆ ಕರೆ ಮಾಡಬೇಕು. ಆ ಸೇವೆ ನಿಮ್ಮ ಪೇಜಿಂಗ್ ಟೂಲ್‌ನ ಕಂಪನಿಯದ್ದಲ್ಲದಿದ್ದರೆ ಇನ್ನೂ ಒಳ್ಳೆಯದು. 2025ರ ಆಗಸ್ಟ್ 28ರಂದು ಪೇಜಿಂಗ್ ಟೂಲ್ ಪೇಜರ್‌ಡ್ಯೂಟಿಯಲ್ಲೇ, ಒಳಗೆ ಮೆಸೇಜ್ ಸಾಗಿಸುವ ಕಾಫ್ಕಾ ತೊಂದರೆಯಾಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಬಿದ್ದಾಗ, ಸರಿಮಾಡಲು ಬೇಕಾದ ಅವರ ಒಳಗಿನ ಟೂಲ್‌ಗಳೂ ಜೊತೆಗೇ ಬಿದ್ದಿದ್ದವು.

5. ಈಗ ಟೂಲ್‌ಗಳತ್ತ ನೋಡಿ

ಈಗಾಗಲೇ ಅಟ್ಲಾಸಿಯನ್‌ನ ಟಿಕೆಟ್ ಟೂಲ್ ಜಿರಾ ತುಂಬ ಬಳಸುತ್ತಿದ್ದರೆ ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ಸಹಜ ದಾರಿ. ಆಪ್ಸ್‌ಜೀನಿಯವರಿಗೆ ಅಟ್ಲಾಸಿಯನ್ ತೋರಿಸುತ್ತಿರುವುದೂ ಅದನ್ನೇ, ಜೊತೆಗೆ ತನ್ನದೇ ಇನ್ನೊಂದು ಟೂಲ್ ಕಂಪಾಸ್ ಅನ್ನು. ಎಲ್ಲ ಗ್ರಾಫ್ ಗ್ರಾಫಾನಾ ಕ್ಲೌಡ್‌ನಲ್ಲಿದ್ದರೆ ಅದರ ಆನ್-ಕಾಲ್ ಟೂಲ್ ಐಆರ್‌ಎಂ ನೋಡಿ. 2009ರಿಂದ ಇರುವ ಪೇಜರ್‌ಡ್ಯೂಟಿ ಹಳೆಯ ಕುಳ. ಬಹುತೇಕ ಎಲ್ಲದರ ಜೊತೆ ಬೆಸೆಯುತ್ತದೆ, ದುಡ್ಡೂ ಹಾಗೇ ಕೇಳುತ್ತದೆ. ಇಡೀ ಇನ್ಸಿಡೆಂಟ್ ಸ್ಲ್ಯಾಕ್‌ನಲ್ಲೇ ನಡೆಯುವ ಟೀಮ್‌ಗಳಿಗೆ ಇನ್ಸಿಡೆಂಟ್ ಡಾಟ್ ಐಓ, ರೂಟ್ಲಿ ಹಿಡಿಸಬಹುದು. ಬೆಂಗಳೂರಲ್ಲಿ ಬೆಳೆದ ಸ್ಕ್ವಾಡ್‌ಕಾಸ್ಟ್, ಝೆನ್‌ಡ್ಯೂಟಿ ಎರಡನ್ನೂ ಪಟ್ಟಿಗೆ ಸೇರಿಸಿ. ಇಲ್ಲಿನ ಫೋನ್ ತಾಪತ್ರಯ ವಿವರಿಸಿ ಹೇಳಬೇಕಾದ ಕಷ್ಟ ಅಲ್ಲಿ ಕಡಿಮೆ.

ಅವೆರಡೂ 2025ರಲ್ಲಿ ಮಾರಾಟವಾದವು. ಸ್ಕ್ವಾಡ್‌ಕಾಸ್ಟ್ ಸೋಲಾರ್‌ವಿಂಡ್ಸ್‌ಗೆ, ಝೆನ್‌ಡ್ಯೂಟಿ ಝರೆಂಟ್‌ಗೆ. ಈ ಕ್ಷೇತ್ರದ ಚಾಳಿಯೇ ಇದು. ವಿಕ್ಟರ್‌ಆಪ್ಸ್ 2018ರಲ್ಲಿ ಸ್ಪ್ಲಂಕ್ ಪಾಲಾಯಿತು, ಸ್ಪ್ಲಂಕ್ 2024ರಲ್ಲಿ ಸಿಸ್ಕೋ ಪಾಲಾಯಿತು. ಆಪ್ಸ್‌ಜೀನಿಯನ್ನು ಅಟ್ಲಾಸಿಯನ್ 2018ರಲ್ಲಿ 29.5 ಕೋಟಿ ಡಾಲರ್‌ಗೆ ಕೊಂಡು ಈಗ ಬಾಗಿಲು ಹಾಕುತ್ತಿದೆ. ಆದ್ದರಿಂದ ಬಿಟ್ಟು ಹೊರಡುವ ದಾರಿಯನ್ನು ಮೊದಲೇ ನೋಡಿಕೊಳ್ಳಿ. ಶೆಡ್ಯೂಲ್, ಎಸ್ಕಲೇಶನ್ ಎಲ್ಲ ಟೆರಾಫಾರ್ಮ್‌ನಲ್ಲಿ (ಸೆಟ್ಟಿಂಗ್‌ಗಳನ್ನು ಕೋಡ್ ಆಗಿ ಬರೆದಿಡುವ ಟೂಲ್) ಬರೆದು ನಿಮ್ಮ ಕೋಡ್ ರೆಪೊದಲ್ಲಿರಲಿ. ಯಾವ ಅಲರ್ಟ್ ಯಾವ ಟೀಮ್‌ಗೆ ಎಂಬ ನಿರ್ಧಾರ ಸಾಧ್ಯವಾದಷ್ಟು ನಿಮ್ಮ ಅಲರ್ಟ್‌ಮ್ಯಾನೇಜರ್‌ನಲ್ಲೇ ಇರಲಿ.

"ಅಲರ್ಟ್‌ಮ್ಯಾನೇಜರ್ ಇದೆಯಲ್ಲ, ಬೇರೆ ಟೂಲ್ ಯಾಕೆ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದು ಗುಂಪು ಮಾಡುತ್ತದೆ, ಸುಮ್ಮನಾಗಿಸುತ್ತದೆ, ಎಲ್ಲಿಗೆ ಕಳಿಸಬೇಕೋ ಕಳಿಸುತ್ತದೆ. ಇವತ್ತು ಯಾರ ಪಾಳಿ ಎಂಬುದು ಅದಕ್ಕೆ ಗೊತ್ತಿಲ್ಲ. ಎತ್ತದಿದ್ದರೆ ಇನ್ನೊಬ್ಬರಿಗೆ ಕರೆ ಮಾಡುವುದೂ ಗೊತ್ತಿಲ್ಲ. ಸ್ವಂತವಾಗಿ ನಡೆಸಲೇಬೇಕು ಎಂದಿದ್ದರೆ ಅಮೆರಿಕದ ಅಂಗಡಿ ಕಂಪನಿ ಟಾರ್ಗೆಟ್‌ನವರು ಓಪನ್ ಸೋರ್ಸ್ ಮಾಡಿದ ಗೋಅಲರ್ಟ್ ಇದೆ. ಆದರೆ ಕರೆಗೆ ಟ್ವಿಲಿಯೋ ಎಂಬ ಫೋನ್ ಸೇವೆಯ ಖಾತೆ ಬೇಕು, ಅದನ್ನು ನಡೆಸಲು ಬೇರೆ ಕ್ಲೌಡ್ ಅಥವಾ ಬೇರೆ ಡೇಟಾ ಸೆಂಟರ್ ಬೇಕು, ಅದು ಬಿದ್ದರೆ ಎದ್ದು ನೋಡಲು ಒಬ್ಬರು ಬೇಕು. ಹತ್ತು ಜನರ ಟೀಮ್‌ಗೆ ಇದು ಬೇಡದ ತಲೆನೋವು ಎಂದೇ ನನ್ನ ಅಭಿಪ್ರಾಯ.

6. ದುಡ್ಡು, ಕಾನೂನು

ಹೆಚ್ಚಿನವು ತಲೆಗಿಷ್ಟು ಎಂದು ಡಾಲರ್ ಲೆಕ್ಕದಲ್ಲಿ ಬಿಲ್ ಮಾಡುತ್ತವೆ. ಸುಮ್ನೆ ನೋಡಲು ಬರುವ ಮ್ಯಾನೇಜರ್‌ಗೂ ಪೂರ್ತಿ ದುಡ್ಡು ಕೊಡಬೇಕಾ ಎಂದು ಕೇಳಿ. ವಿದೇಶಿ ಸೇವೆಗೆ ರಿವರ್ಸ್ ಚಾರ್ಜ್‌ನಲ್ಲಿ (ಕೊಳ್ಳುವವರೇ ತೆರಿಗೆ ಕಟ್ಟುವುದು) ಶೇ. 18 ಜಿಎಸ್‌ಟಿ ಇದೆ, ಅಕೌಂಟ್ಸ್‌ನವರಿಗೆ ಮೊದಲೇ ಹೇಳಿ. ತಿಂಗಳ ಕಾರ್ಡ್ ಪೇಮೆಂಟ್ ಬೇಡ. ಆರ್‌ಬಿಐ ನಿಯಮದಲ್ಲಿ ₹15,000 ದಾಟಿದ ಆಟೋ ಡೆಬಿಟ್‌ಗೆ ಪ್ರತಿ ಸಲ ಒಟಿಪಿ ಬೇಕು. ಕಾರ್ಡ್ ಇರುವವರು ರಜೆಯಲ್ಲಿದ್ದರೆ ಪೇಮೆಂಟ್ ಫೇಲ್, ಪೇಜಿಂಗ್ ಖಾತೆ ಬಂದ್. ವರ್ಷದ ಇನ್‌ವಾಯ್ಸ್ ಮಾಡಿಸಿ.

ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಯಾರಿಗೆ ಎಷ್ಟು ಹೊತ್ತಿಗೆ ಕರೆ ಹೋಯಿತು, ಯಾವಾಗ ಆ್ಯಕ್ ಆಯಿತು ಎಂಬ ಟೈಮ್‌ಲೈನ್ ಅನ್ನು ಟೂಲ್ ಒಂದೇ ಕ್ಲಿಕ್‌ನಲ್ಲಿ ಕೊಡಬೇಕು.

ಆನ್-ಕಾಲ್ ಭತ್ಯೆಯನ್ನೂ ಇದೇ ಬಜೆಟ್‌ನಲ್ಲಿ ಕೇಳಿ. ಟೂಲ್‌ಗೆ ಲಕ್ಷಗಟ್ಟಲೆ ಕೊಟ್ಟು, ರಾತ್ರಿ ಎದ್ದವರಿಗೆ ಬೆಳಿಗ್ಗೆ ಹತ್ತರ ಸ್ಟ್ಯಾಂಡಪ್ ಮೀಟಿಂಗ್‌ಗೆ ಬನ್ನಿ ಎನ್ನುವ ಕಡೆ ಯಾವ ಸಿಸ್ಟಮ್ ತಂದರೂ ಅಷ್ಟೇ.

7. ಎರಡು ವಾರ ಜೊತೆಜೊತೆಗೆ ಓಡಿಸಿ

ಹಳೆಯದನ್ನು ನಿಲ್ಲಿಸದೆ, ಎರಡು ಟೂಲ್ ಮಾತ್ರ ಆರಿಸಿ ಟ್ರಯಲ್ ತೆಗೆದುಕೊಳ್ಳಿ. ಅಷ್ಟೇನೂ ಮುಖ್ಯವಲ್ಲದ ಒಂದು ಸರ್ವಿಸ್‌ನ ಅಲರ್ಟ್‌ಗಳನ್ನು ಹಳೆಯದಕ್ಕೂ ಹೊಸದಕ್ಕೂ ಕಳಿಸಿ. ಹೇಳದೆ ಕೇಳದೆ ಒಂದು ರಾತ್ರಿ ಟೆಸ್ಟ್ ಅಲರ್ಟ್ ಬಿಡಿ. ಆ ವಾರ ಬಿಡುತ್ತೇವೆ ಎಂದು ಮಾತ್ರ ಮೊದಲೇ ತಿಳಿಸಿರಿ, ಯಾವ ದಿನ ಎಂದು ಬೇಡ. ಪ್ರೈಮರಿಗೆ ಫೋನ್ ಎತ್ತದಿರಲು ಹೇಳಿ, ಸೆಕೆಂಡರಿಗೆ ಎಷ್ಟು ಹೊತ್ತಿಗೆ ಹೋಯಿತು ನೋಡಿ. ಒಬ್ಬರು ಕರೆ ಎತ್ತಿ ಏನೂ ಒತ್ತದೆ ಕಟ್ ಮಾಡಲಿ. ಅದನ್ನು ಆ್ಯಕ್ ಎಂದು ಲೆಕ್ಕ ಹಾಕುವ ಟೂಲ್ ಬೇಡವೇ ಬೇಡ. ನೂರು ಅಲರ್ಟ್ ಒಟ್ಟಿಗೆ ಸುರಿಯಿರಿ. ನೂರು ಕರೆ ಬಂತೋ, ಗುಂಪಾಗಿ ಒಂದು ಬಂತೋ?

ಆರಿಸಿದ ಮೇಲೆ ಒಂದೊಂದೇ ಸರ್ವಿಸ್ ಸಾಗಿಸಿ. ಶುಕ್ರವಾರ ಬೇಡ, ಹಬ್ಬದ ಸೇಲ್ ಇರುವ ವಾರವೂ ಬೇಡ. ಪಾಳಿಯ ಒಂದು ಪೂರ್ತಿ ಸುತ್ತು ಮುಗಿದು, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಫೋನೂ ಹೊಸ ಟೂಲ್‌ನಿಂದ ಒಮ್ಮೆಯಾದರೂ ರಿಂಗ್ ಆಗುವವರೆಗೆ ಹಳೆಯ ಟೂಲ್‌ನ ಚಂದಾ ನಡೆಯಲಿ. ಆಮೇಲೆ ಹಳೆಯ ವೆಬ್‌ಹುಕ್‌ಗಳನ್ನು (ಹಳೇ ಟೂಲ್‌ಗೆ ಅಲರ್ಟ್ ಕಳಿಸುವ ಕೊಂಡಿಗಳು) ಹುಡುಕಿ ತೆಗೆಯಿರಿ. ಯಾವುದೋ ಮೂಲೆಯಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಓಡುವ ಕ್ರಾನ್‌ಜಾಬ್‌ನಲ್ಲಿ ಒಂದಾದರೂ ಉಳಿದಿರುತ್ತದೆ.